ಇಪ್ಪತ್ತೊಂದು ನಮಸ್ಕಾರ, ಪ್ಲಸ್ ಅರವತ್ತೆರಡು

ಆಸ್ಪತ್ರೆಯ ಬೆಂಚಿನ ಮೇಲೆ ಕೂತವರಿಗೆ ಎರಡು ಬಗೆಯ ಜನ ಸಿಗುತ್ತಾರೆ. ಏನೂ ಆಗೋದಿಲ್ಲ ಬಿಡಿ ಎನ್ನುವವರು ಒಂದು ಬಗೆ. ನಮ್ಮ ನಾದಿನಿಗೂ ಹೀಗೇ ಶುರುವಾಗಿತ್ತು, ಆರು ತಿಂಗಳಲ್ಲಿ ಹೋದಳು ಎನ್ನುವವರು ಇನ್ನೊಂದು ಬಗೆ. ಇಬ್ಬರನ್ನೂ ನಂಬಬೇಡಿ. ನನ್ನನ್ನೂ ಪೂರ್ತಿ ನಂಬಬೇಕಾಗಿಲ್ಲ, ನಾನು ಡಾಕ್ಟರಲ್ಲ. ಆದರೆ ಆ ಬೆಂಚಿನ ಮೇಲೆ ಕೂತಿದ್ದವಳು, ಆ ಆಸ್ಪತ್ರೆಯಲ್ಲೇ ಒಂದು ಸುಳ್ಳು ಹೇಳಿದ್ದವಳು. ಅಷ್ಟನ್ನು ಹೇಳುವ ಅಧಿಕಾರ ನನಗಿದೆ.

ಮೊದಲು ಗೊತ್ತಾದದ್ದು ಕಾಲೇಜಿನ ಚರ್ಚಾಕೂಟದಲ್ಲಿ. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ವಿಷಯ ಭಾಷಾವಾರು ಪ್ರಾಂತ. ಆ ದಿನಗಳಲ್ಲಿ ಮುಂಬಯಿಯಲ್ಲಿ ಬೇರೆ ವಿಷಯವೇ ಇರಲಿಲ್ಲ. ನಾನು ಎದ್ದು ನಿಂತಾಗ ಕೈಯಲ್ಲಿದ್ದ ಕಾಗದ ಪಟಪಟ ಬಡಿದುಕೊಂಡಿತು. ಫ್ಯಾನಿನ ಗಾಳಿ ಎಂದುಕೊಂಡೆ. ಫ್ಯಾನು ತಿರುಗುತ್ತಲೇ ಇರಲಿಲ್ಲ. ಎದುರಾಳಿ ತನ್ನ ಸರದಿ ಬಂದಾಗ, "ನನ್ನ ಗೆಳತಿಗಿಂತ ಅವರ ಕಾಗದವೇ ಹೆಚ್ಚು ಮಾತಾಡಿತು" ಎಂದ. ಸಭೆ ನಕ್ಕಿತು. ಬಹುಮಾನ ನನಗೇ ಬಂತು. ಆದರೆ ಅದನ್ನು ಪಡೆಯಲು ವೇದಿಕೆಯ ನಾಲ್ಕು ಮೆಟ್ಟಿಲು ಹತ್ತುವಾಗ ಮೂರನೆಯದರ ಮೇಲೆ ತೊಡೆ ಮೇಲೇಳಲಿಲ್ಲ. ಪಕ್ಕದ ಕಂಬ ಹಿಡಿದು ಹತ್ತಿದೆ. ನಾಚಿಕೆ ಎಂದುಕೊಂಡರು ಜನ. ನನ್ನನ್ನು ಬಲ್ಲವರು ಯಾರೂ ಹಾಗೆ ಅಂದುಕೊಂಡಿರಲಾರರು.

ನಮ್ಮ ಮನೆ ಜೋಗೇಶ್ವರಿಯ ಒಂದು ಚಾಳಿನ ಎರಡನೆಯ ಮಹಡಿಯಲ್ಲಿ. ಅಪ್ಪ ಧಾರವಾಡದಿಂದ ಬಂದು ಒಂದು ಬಟ್ಟೆಗಿರಣಿಯ ಆಫೀಸಿನಲ್ಲಿ ಕಾರಕೂನರಾಗಿದ್ದರು. ನಾನು ಒಬ್ಬಳೇ ಮಗಳು. ಡಿಸೆಂಬರಿನಲ್ಲಿ ಎಲ್ಲರೂ ಚಾದರ ಹೊದ್ದಿದ್ದಾಗ ನಾನು ಬರೀ ನೆಲದ ಮೇಲೆ ಮಲಗಿ ಬೆವರುತ್ತಿದ್ದೆ. ಅವ್ವ ಮೈ ಮುಟ್ಟಿ, "ಇದೇನ ಇಂದೂ, ಹಂಚಿನ ಮ್ಯಾಲೆ ಕೈ ಇಟ್ಟಂಗ ಆಗ್ತದ" ಎನ್ನುತ್ತಿದ್ದಳು. ಥರ್ಮಾಮೀಟರು ಮಾತ್ರ ಜ್ವರ ಇಲ್ಲ ಎನ್ನುತ್ತಿತ್ತು. ಇಬ್ಬರ ಊಟ ಒಬ್ಬಳೇ ಮಾಡುತ್ತಿದ್ದೆ, ರವಿಕೆಗಳು ದಿನದಿನಕ್ಕೂ ಸಡಿಲವಾಗುತ್ತಿದ್ದವು. ಚಾಳಿನಲ್ಲಿ ತೆಳ್ಳಗಾಗುವ ಹುಡುಗಿಗೆ ಒಂದೇ ರೋಗ. ಬಾಯಿಬಿಟ್ಟು ಯಾರೂ ಹೆಸರು ಹೇಳಲಿಲ್ಲ, ಪಕ್ಕದ ಖೋಲಿಯವರು ತಮ್ಮ ಮಕ್ಕಳನ್ನು ಗ್ಯಾಲರಿಯಲ್ಲಿ ನಮ್ಮ ಕಡೆಗೆ ಬಿಡುವುದನ್ನು ನಿಲ್ಲಿಸಿದರು, ಅಷ್ಟೆ. ಎಕ್ಸ್‌ರೇ ತೆಗೆಸಿದೆವು. ಎದೆ ಸ್ವಚ್ಛವಿತ್ತು. ಅವ್ವ ಆ ಫೋಟೋವನ್ನು ಗ್ಯಾಲರಿಯ ಬೆಳಕಿಗೆ ಹಿಡಿದು ಎಲ್ಲರಿಗೂ ಕಾಣುವಂತೆ ಹತ್ತು ನಿಮಿಷ ನಿಂತಳು.

ಅಲ್ಲಿಂದ ಊರೊಳಗಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಬೆಂಚಿನ ಮೇಲೆ ಮೂರು ತಾಸು. ಡಾಕ್ಟರು ಮರಾಠಿಯವರು, ಬೆಳಗಾವಿಯಲ್ಲಿ ಬೆಳೆದವರು. ನಮ್ಮ ಮಾತು ಕೇಳಿ ಕನ್ನಡಕ್ಕೇ ಇಳಿದರು. ಚಾಚಿದ ನನ್ನ ಬೆರಳುಗಳ ಮೇಲೆ ಒಂದು ಕಾಗದ ಇಟ್ಟು ಅದು ನಡುಗುವುದನ್ನು ನೋಡಿದರು. ಗಂಟಲು ಹಿಡಿದು "ನುಂಗು" ಎಂದರು. ಆಮೇಲೆ, "ಕುಕ್ಕರಗಾಲಿಲೆ ಕೂಡು. ಈಗ ಕೈ ಊರದಂಗ ಏಳು" ಎಂದರು.

ಏಳಲಾಗಲಿಲ್ಲ. ಹತ್ತೊಂಬತ್ತು ವರ್ಷದವಳು, ನೆಲದ ಮೇಲೆ ಕೂತು ಎರಡು ಸಲ ಪ್ರಯತ್ನಿಸಿ ಮೂರನೆಯ ಸಲ ಅವ್ವನ ಸೀರೆಯ ನೆರಿಗೆ ಹಿಡಿದೆ.

"ಎಷ್ಟು ದಿನಾತು ಹಿಂಗ?"

"ಯಾರೂ ಕುಕ್ಕರಗಾಲಿಲೆ ಕೂಡಿಸಿ ಪರೀಕ್ಷಾ ಮಾಡಿರಲಿಲ್ಲರೀ" ಎಂದೆ.

ಅವರು ನಗಲಿಲ್ಲ. "ಮನಷ್ಯಾನ ಸ್ನಾಯು ಅಂದ್ರ ಉಗಿಬಂಡಿ ಇದ್ದಂಗ. ಉರಿಸಿದ್ದರಾಗ ನಾಕರಾಗ ಒಂದು ಪಾಲು ಕೆಲಸಕ್ಕ ಬರ್ತದ, ಉಳಿದದ್ದು ಬಿಸಿ ಆಗಿ ಹೋಗ್ತದ. ಗಟ್ಟಿಮುಟ್ಟಾದವರಿಗೂ ಅಷ್ಟ. ನಿನ್ನ ಗಂಟಲಿನ ಗ್ರಂಥಿ ಸುಮ್ಮನ ಒಲಿ ಊದ್ಲಿಕತ್ತದ. ಬಂಡಿ ಸ್ಟೇಶನ್ನಿನಾಗ ನಿಂತಾಗೂ ಇದ್ದಲಿ ಉರೀತದ. ಸ್ನಾಯು ತನ್ನನ್ನ ತಾನ ತಿನ್ನಲಿಕ್ಕೆ ಹತ್ತಿದ್ದು ಅದಕ್ಕ."

"ನಿಂತ ಬಂಡಿ ಎಷ್ಟು ಉರೀತದ ಅಂತ ಹ್ಯಾಂಗ ತಿಳೀತದ?"

"ಅಳೀತೇವಿ."

ಅಳತೆಯ ಷರತ್ತುಗಳನ್ನು ಅವರು ಅವ್ವನಿಗೂ ನನಗೂ ಎರಡೆರಡು ಸಲ ಹೇಳಿದರು. ಹಿಂದಿನ ಸಂಜೆಯಿಂದ ಊಟವಿಲ್ಲ, ಬೆಳಿಗ್ಗೆ ಕಾಫಿಯಿಲ್ಲ. ಎಚ್ಚರವಾದ ಮೇಲೆ ಹಾಸಿಗೆ ಬಿಡಬಾರದು. ಯಾರಾದರೂ ಹೊತ್ತು ಇಳಿಸಬೇಕು, ಟ್ಯಾಕ್ಸಿಯಲ್ಲಿ ತರಬೇಕು. "ಒಂದು ತಂಬಿಗಿ ಎತ್ತಿಟ್ಟರೂ ಕಾಗದದ ಮ್ಯಾಲೆ ಮೂಡ್ತದ. ಆ ಸಂಖ್ಯಾದ ಮ್ಯಾಲೆನ ಮುಂದಿನ ಮಾತು. ಕಡಿಮಿ ಬಂದ್ರ ಮಾತ್ರಿ ಕೊಟ್ಟು ನೋಡೋಣ. ಭಾಳ ಬಂದ್ರ ಗಂಟಲಿನ ಆಪರೇಶನ್."

"ಧ್ವನಿ?" ಎಂದೆ.

"ಧ್ವನಿಯ ನರ ಮಗ್ಗಲಿಗೇ ಹಾದು ಹೋಗ್ತದ. ಸಾಮಾನ್ಯವಾಗಿ ಏನೂ ಆಗೂದಿಲ್ಲ."

ನಾಲ್ಕು ವರ್ಷ ಚರ್ಚಾಕೂಟಗಳಲ್ಲಿ ನಾನು ಕಲಿತದ್ದು ಇಷ್ಟು: ಎದುರಿನವರ ವಾಕ್ಯದಲ್ಲಿ "ಸಾಮಾನ್ಯವಾಗಿ" ಎಂಬ ಮಾತು ಕಂಡರೆ ಅಲ್ಲೇ ಹಿಡಿಯಬೇಕು, ಬಾಗಿಲು ಅಲ್ಲೇ ಸಡಿಲವಿರುತ್ತದೆ. ಈಗ ಆ ಸಡಿಲ ಬಾಗಿಲು ನನ್ನ ಗಂಟಲಲ್ಲೇ ಇತ್ತು. ಕಾಯಿದೆ ಓದಿ ಕೋರ್ಟಿನಲ್ಲಿ ನಿಲ್ಲಬೇಕೆಂದಿದ್ದವಳು ನಾನು. ರೂಪ ಹೋದರೆ ಅವ್ವ ಅಳುತ್ತಾಳೆ, ದನಿ ಹೋದರೆ ನಾನು ಯಾರು?

ಅಂದು ಸಂಜೆ ಅವ್ವ ರೊಟ್ಟಿ ಬಡಿಯುತ್ತ, "ಚಾಳಿನ ಹಿಂದಿನ ಮಾರುತಿಗೆ ಹರಕಿ ಹೊತ್ತೇನಿ. ಇಪ್ಪತ್ತೊಂದು ದಿನ, ಇಪ್ಪತ್ತೊಂದು ಪ್ರದಕ್ಷಿಣಿ, ಒಂದೊಂದಕ್ಕ ಒಂದೊಂದು ನಮಸ್ಕಾರ" ಎಂದಳು.

ನಾನು ಅರ್ಧ ತಾಸು ಮಾತಾಡಿದೆ. ದೇವರಿಗೆ ಗ್ರಂಥಿಯ ವಿಷಯ ಮೊದಲೇ ಗೊತ್ತಿದ್ದರೆ ನೆನಪಿಸುವುದೇಕೆ, ಗೊತ್ತಿಲ್ಲದಿದ್ದರೆ ಅವನನ್ನು ನಂಬುವುದೇಕೆ. ನಮಸ್ಕಾರಕ್ಕೆ ರೋಗ ಬಿಡುತ್ತದೆಂದರೆ ದಿನಾ ನಮಸ್ಕಾರ ಹಾಕುವ ಪೂಜಾರಿಗೆ ಮಂಡಿನೋವು ಏಕೆ. ಏಳಲಾಗದ ತೊಡೆಗೆ ನೂರಾರು ನಮಸ್ಕಾರ ಹೇರುವುದು ಭಕ್ತಿಯೋ ಕ್ರೌರ್ಯವೋ. ಒಳ್ಳೆಯ ವಾದ. ಇವತ್ತಿಗೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಅವ್ವ ರೊಟ್ಟಿ ಬಡಿಯುತ್ತಲೇ ಇದ್ದಳು.

ಅಪ್ಪ ಪತ್ರಿಕೆಯ ಹಿಂದಿನಿಂದ, "ಎದುರು ಪಕ್ಷದವರು ಒಂದು ಮಾತೂ ಆಡ್ಲಿಕತ್ತಿಲ್ಲ, ನೋಡೀಯೇನು?" ಎಂದರು.

"ಉತ್ತರ ಇದ್ರ ಆಡ್ತಾರ" ಎಂದೆ.

ಪರೀಕ್ಷೆಯ ದಿನ ಬೆಳಕು ಹರಿಯುವ ಮೊದಲೇ ಎಚ್ಚರವಾಯಿತು. ಅವ್ವ ನಳದ ಪಾಳಿಗೆ ಕೊಡ ಹಿಡಿದು ಹೋಗಿದ್ದಳು. ಅಪ್ಪ ಟ್ಯಾಕ್ಸಿ ತರಲು ಸ್ಟೇಶನ್ನಿಗೆ ಹೋಗಿದ್ದರು. ಖೋಲಿಯಲ್ಲಿ ನಾನೊಬ್ಬಳೇ, ನನ್ನ ಎದೆಬಡಿತದ ಸದ್ದು ಚಾಪೆಯೊಳಗಿಂದ ಕಿವಿಗೆ ಬರುತ್ತಿತ್ತು. ಒಂದು ಸಂಖ್ಯೆ. ಆ ಸಂಖ್ಯೆ ದೊಡ್ಡದಾದರೆ ಕತ್ತಿ.

ಎದ್ದೆ. ಮೆಟ್ಟಿಲಿನ ಪಕ್ಕದ ಕಠಡಾ ಹಿಡಿದು ಎರಡು ಮಹಡಿ ಇಳಿದೆ. ಹಿತ್ತಲಿನ ಗುಡಿ ಎಂದರೆ ಗೂಡಿನಷ್ಟು, ಸುತ್ತ ಹಾಯಲು ಹತ್ತು ಹೆಜ್ಜೆ. ಒಂದು ಸುತ್ತು, ಮೊಣಕಾಲೂರಿ ಹಣೆ ನೆಲಕ್ಕೆ. ಏಳು. ಇನ್ನೊಂದು. ಎಂಟನೆಯದರ ಹೊತ್ತಿಗೆ ತೊಡೆಯೊಳಗೆ ಜೇನುನೊಣ ಎದ್ದಂತೆ ನಡುಕ. ಹದಿನೈದರ ನಂತರ ಗುಡಿಯ ಕಂಬ ಅಪ್ಪಿಕೊಂಡೇ ಏಳುತ್ತಿದ್ದೆ. ಬೆವರು ಕಣ್ಣಿಗಿಳಿದು ಮಾರುತಿ ಕಾಣುತ್ತಲೇ ಇರಲಿಲ್ಲ. ಇಪ್ಪತ್ತೊಂದು ಎಣಿಸಿದೆ.

ಯಾಕೆ ಎಂದು ಕೇಳಬೇಡಿ. ನನ್ನ ಎದುರಾಳಿ ಯಾರಾದರೂ ಹೀಗೆ ಮಾಡಿದ್ದು ಗೊತ್ತಾಗಿದ್ದರೆ ಅವನನ್ನು ವೇದಿಕೆಯ ಮೇಲೆ ಹರಿದು ಹಾಕುತ್ತಿದ್ದೆ. ಹೆದರಿಕೆ ಎಂಬುದು ವಾದವಲ್ಲ. ಅಷ್ಟೇ ನನ್ನ ಉತ್ತರ.

ಮತ್ತೆ ಎರಡು ಮಹಡಿ ಹತ್ತಿ ಚಾಪೆಯ ಮೇಲೆ ಬಿದ್ದು ಸ್ವಲ್ಪ ಹೊತ್ತಾಗಿತ್ತು, ಅವ್ವ ಕೊಡ ಹೊತ್ತು ಬಂದಳು. "ಎಚ್ಚರ ಅದೀ ಏನು? ಅಲಗಾಡಬ್ಯಾಡ."

"ಅಲಗಾಡಿಲ್ಲ."

ಅಪ್ಪ ಮತ್ತು ಪಕ್ಕದ ಖೋಲಿಯವರು ಕುರ್ಚಿಯಲ್ಲಿ ಕೂರಿಸಿ ನನ್ನನ್ನು ಮೆಟ್ಟಿಲಿಳಿಸಿದರು. ಸ್ವಲ್ಪ ಮುಂಚೆ ಕಾಲಿನಲ್ಲೇ ಇಳಿದು ಹತ್ತಿದ ಮೆಟ್ಟಿಲು. ನಾನು ಕಣ್ಣು ಮುಚ್ಚಿಕೊಂಡೆ.

ಆಸ್ಪತ್ರೆಯಲ್ಲಿ ಆ ಯಂತ್ರ ನೋಡಿಕೊಳ್ಳುತ್ತಿದ್ದವರು ಮಂಗಳೂರು ಕಡೆಯ ಸಿಸ್ಟರ್ ಲಿಲ್ಲಿ. "ಬೆಳಿಗ್ಗೆ ಎದ್ದು ಎಂತ ಮಾಡಿದ್ದು?"

"ಏನೂ ಇಲ್ಲ. ಮಲಗಿದ್ದೆ."

"ನಾಡಿ ಭಾರೀ ಓಡ್ತಾ ಉಂಟಲ್ಲ. ಮೆಟ್ಟಿಲು ಗಿಟ್ಟಿಲು ಹತ್ತಿದ್ರಾ?"

"ಇಲ್ಲ."

"ಹೆದರಿಕೆ ಇರ್ಬೇಕು. ಅರ್ಧ ಗಂಟೆ ಮಲಗಿ, ಆಮೇಲೆ ಮಾಡುವ. ಮಾತಾಡುದು ಬೇಡ ಆಯ್ತಾ. ನಿಮ್ಮನ್ನು ನೋಡಿದ್ರೆ ಮಾತಾಡುವವರ ಹಾಗೇ ಕಾಣ್ತದೆ."

ಮೂಗಿಗೆ ಚಿಮಟ ಹಾಕಿದರು, ಬಾಯಿಗೆ ರಬ್ಬರಿನ ನಳಿಗೆ ತುರುಕಿದರು. ನೀರಿನಲ್ಲಿ ತೇಲುವ ತಗಡಿನ ಡಬ್ಬಿಯೊಳಗಿನ ಆಮ್ಲಜನಕವನ್ನು ನಾನು ಎಳೆದಷ್ಟೂ ಡಬ್ಬಿ ಇಳಿಯುತ್ತದೆ. ಅದಕ್ಕೆ ಕಟ್ಟಿದ ಲೇಖನಿ ಸುತ್ತುವ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಎಷ್ಟು ಗಾಳಿ ತಿಂದೆನೋ ಅಷ್ಟು ಉರಿದೆ ಎಂದು ಲೆಕ್ಕ. ಕಣ್ಣಂಚಿನಲ್ಲಿ ನೋಡಿದೆ. ಗೆರೆ ಜಾರುಬಂಡೆಯ ಹಾಗೆ ಹೋಗುತ್ತಿತ್ತು. ತೊಡೆಗಳು ಇನ್ನೂ ಅದರುತ್ತಿದ್ದವು. ಒಂದು ಮಾತು ಹೇಳಿದ್ದರೆ ಸಾಕಿತ್ತು, ಬಾಯಿ ತುಂಬ ರಬ್ಬರು. ನಳಿಗೆ ತೆಗೆದ ಮೇಲೂ ಹೇಳಲಿಲ್ಲ. ಆಗ ಬಾಯಿಯಲ್ಲಿ ರಬ್ಬರಿರಲಿಲ್ಲ.

ಫಲಿತಾಂಶ: ಪ್ಲಸ್ ಅರವತ್ತೆರಡು. ಆರೋಗ್ಯವಂತರಿಗಿಂತ ನೂರಕ್ಕೆ ಅರವತ್ತೆರಡು ಹೆಚ್ಚು ಉರಿ. ಡಾಕ್ಟರು ಚೀಟಿಯನ್ನು ಎರಡು ಸಲ ನೋಡಿದರು. "ಇಷ್ಟಿದ್ರ ಮಾತ್ರಿ ಕೊಟ್ಟು ಕಾಯೂ ಧೈರ್ಯ ನನಗಿಲ್ಲವಾ. ವಾರ್ಡಿಗೆ ಬಾ. ನಾಕು ದಿನ ವಿಶ್ರಾಂತಿ. ಆಮ್ಯಾಲೆ ಅಯೊಡಿನ್ ಹನಿ ಶುರು ಮಾಡಿ, ಹತ್ತನೇ ದಿನಕ್ಕ ಆಪರೇಶನ್."

ನಾನು ವಾದದಲ್ಲಿ ಯಂತ್ರದ ಮೇಲೆ ಬಿದ್ದೆ. ರಬ್ಬರು ಸೋರಿರಬಹುದು. ಆರೋಗ್ಯವಂತರು ಎಂದರೆ ಯಾರು, ಚಳಿದೇಶದ ಗಂಡಸು ಹೆಂಗಸರನ್ನು ಅಳೆದು ಮಾಡಿದ ಪಟ್ಟಿಗೆ ಜೋಗೇಶ್ವರಿಯ ಹುಡುಗಿಯನ್ನು ಹೋಲಿಸುವುದು ಯಾವ ನ್ಯಾಯ? ಹೆದರಿದ ಮನುಷ್ಯ ಹೆಚ್ಚು ಉಸಿರಾಡುತ್ತಾನೆ, ಅದಕ್ಕೆ ಕಳೆಯುವುದೆಷ್ಟು?

ಡಾಕ್ಟರು ಕೊನೆಯವರೆಗೂ ಕೇಳಿದರು. "ಎಲ್ಲಾ ಛಲೋ ಪ್ರಶ್ನಿ. ಅದಕ್ಕೆಲ್ಲಾ ಹತ್ತೋ ಹದಿನೈದೋ ಕಳಿ, ಆದರೂ ಭಾಳ ಆತು. ನಿನ್ನ ವಾದಕ್ಕ ಬೇಕಾಗಿದ್ದು ಒಂದ ಮಾತು. ರೋಗಿ ಹೇಳಿದಂಗ ಕೇಳ್ಯಾಳೋ ಇಲ್ಲೋ?"

ಅವ್ವ ಪಕ್ಕದಲ್ಲೇ ನಿಂತಿದ್ದಳು. "ಕೇಳ್ಯಾಳ" ಎಂದೆ, ಬೇರೆ ಯಾರದೋ ವಿಷಯ ಹೇಳುವವಳ ಹಾಗೆ.

ವಾರ್ಡಿನಲ್ಲಿ ನನ್ನ ಪಕ್ಕದ ಮಂಚ ಹೌಸಾಬಾಯಿಯದು. ಮುಂಬಯಿಯ ಕೋಳಿ ಎಂಬ ಬೆಸ್ತರ ಹೆಂಗಸು, ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು. ಮೂರು ವಾರದ ಹಿಂದೆ ಅವಳಿಗೂ ಇದೇ ಆಪರೇಶನ್ ಆಗಿತ್ತು. ಗಾಯ ಕೀವಾಗಿ ಉಳಿದುಕೊಂಡಿದ್ದಳು. ನಾನು ಮರಾಠಿಯಲ್ಲಿ ಮಾತಾಡಿಸಿದರೆ ಅವಳು ಬಾಯಿ ತೆರೆದಳು, ಹರಿದ ತಿದಿಯ ಗಾಳಿಯಂಥದು ಬಂತು. ನಾನು ಹತ್ತಿರ ಬಗ್ಗಿದೆ.

"ನನ್ನ ಕೂಗು ಕೇಳಿ ನಾಕು ಗಲ್ಲಿ ಆಚೆ ಬಾಗಿಲು ತೆಗೀತಿದ್ದರು" ಎಂದಳು. "ಈಗ ಮಗಳು ಕೂಗ್ತಾಳೆ. ನಾನು ಹಿಂದೆ ಬುಟ್ಟಿ ಹೊರಬೇಕು."

"ದನಿ ವಾಪಸ್ ಬರ್ತದಂತಾ?"

"ಬರಬಹುದು ಅಂತಾರೆ." ಆಮೇಲೆ ನನ್ನನ್ನೇ ನೋಡಿ, "ನೀನು ಎಂಥ ಕೆಲಸ ಮಾಡ್ತೀ?"

"ಮಾತಾಡೂದು" ಎಂದೆ.

ಅವಳು ನಕ್ಕಳು. ನಗು ಕಂಡಿತು, ಕೇಳಿಸಲಿಲ್ಲ.

ಮೂರು ದಿನ ನಾನು ಅವಳ ಕತ್ತಿನ ಬಟ್ಟೆಯನ್ನು ನೋಡುತ್ತ ಮಲಗಿದೆ. ಒಂದು ಪಕ್ಷ ಹೀಗೆ: ಗುಡಿಯ ನಮಸ್ಕಾರಕ್ಕೂ ಯಂತ್ರದ ಅಳತೆಗೂ ಮಧ್ಯೆ ಸಾಕಷ್ಟು ಹೊತ್ತಿತ್ತು, ಟ್ಯಾಕ್ಸಿಯಲ್ಲಿ ಕೂತಿದ್ದೆ, ಅರ್ಧ ತಾಸು ಮಲಗಿದ್ದೆ, ಅದರ ಬಿಸಿ ಅಷ್ಟರಲ್ಲಿ ಆರಿರಬೇಕು, ಹೇಳಿ ಏನು ಪ್ರಯೋಜನ? ಎದುರು ಪಕ್ಷ: ಆರಿತ್ತು ಎಂದು ನಿನಗೆ ಹೇಗೆ ಗೊತ್ತು, ತೊಡೆ ಅದರುತ್ತಿತ್ತಲ್ಲ? ಮೊದಲನೆಯ ಪಕ್ಷವನ್ನು ನಾನು ಬಹಳ ಚೆನ್ನಾಗಿ ಮಂಡಿಸಿದೆ. ಮಂಡಿಸುತ್ತ ಇದ್ದಾಗಲೇ ಗೊತ್ತಾಯಿತು, ನಾನು ಡಾಕ್ಟರ ಲೆಕ್ಕವನ್ನು ಉಳಿಸುತ್ತಿಲ್ಲ, ಗಂಟಲನ್ನೂ ಉಳಿಸುತ್ತಿಲ್ಲ. ಮಾರುತಿಗೆ ಅಡ್ಡಬಿದ್ದದ್ದು ಯಾರಿಗೂ ತಿಳಿಯದಿರಲಿ ಎಂದು ಹೋರಾಡುತ್ತಿದ್ದೇನೆ. ಆ ಮಾನ ಉಳಿಸಿಕೊಳ್ಳಲು ಕತ್ತಿಗೆ ಕತ್ತು ಕೊಡಲೂ ತಯಾರಾಗಿದ್ದೇನೆ.

ನಾಲ್ಕನೆಯ ದಿನ ಮಧ್ಯಾಹ್ನ ಸಿಸ್ಟರ್ ಲಿಲ್ಲಿ ಕಂದು ಬಣ್ಣದ ಸೀಸೆ ತಂದು ನನ್ನ ಮಂಚದ ಪಕ್ಕದ ಕಪಾಟಿನ ಮೇಲಿಟ್ಟರು. "ನಾಳೆ ಬೆಳಿಗ್ಗೆಯಿಂದ ಈ ಹನಿ."

"ಇದು ಶುರುವಾದ ಮೇಲೆ ಮತ್ತೆ ಅಳತೆ ಮಾಡಿದರೆ?"

"ಮಾಡಿ ಎಂತ ಉಂಟು? ಹನಿ ಹೋದ ಮೇಲೆ ಉರಿ ಹೇಗೂ ಇಳಿಯುದೇ. ನಿಜವಾದ್ದು ಎಷ್ಟಿತ್ತು ಅಂತ ಮತ್ತೆ ಗೊತ್ತಾಗುದಿಲ್ಲ."

ಸಂಜೆ ಡಾಕ್ಟರು ಸುತ್ತು ಬಂದಾಗ ಅವ್ವ ಮಂಚದ ಹತ್ತಿರ ಮೋಸಂಬಿ ಸುಲಿಯುತ್ತಿದ್ದಳು. ಅವಳು ಹೋಗುವವರೆಗೂ ಕಾಯಬಹುದಿತ್ತು. ಡಾಕ್ಟರು ಕಾಯುತ್ತಿರಲಿಲ್ಲ.

"ಅವತ್ತ ಬೆಳಿಗ್ಗೆ ನಾನು ಎದ್ದಿದ್ದೆರೀ" ಎಂದೆ. "ಎರಡು ಮಜಲೆ ಇಳದು, ಹತ್ತಿದೆ. ನಡುವ ಇಪ್ಪತ್ತೊಂದು ನಮಸ್ಕಾರ ಹಾಕಿದೆ."

ಡಾಕ್ಟರ ಪೆನ್ನು ನಿಂತಿತು. "ಯಾರು ಹಾಕಂದ್ರು?"

"ಯಾರೂ ಇಲ್ಲ. ನಾನ."

"ಈ ತೊಡಿ ತಗೊಂಡು? ಇಪ್ಪತ್ತೊಂದು?"

"ಕಡೀಕ ಕಂಬ ಹಿಡಕೊಂಡು."

ಅವರು ಕುರ್ಚಿ ಎಳೆದು ಕೂತರು. ಬೈಯುತ್ತಾರೆ ಎಂದು ಕಾದೆ. "ನಿನ್ನ ಸ್ನಾಯು ಒಂದು ಪಾಲಿನ ಕೆಲಸಕ್ಕ ಎಷ್ಟು ಪಾಲು ಉರಿಸ್ತದೋ ಆ ದೇವರಿಗೇ ಗೊತ್ತು. ಅಷ್ಟು ಉರಿಸಿ ಬಂದು ನಿಂತ ಬಂಡಿ ಅಂತ ಹೇಳಿದಿ. ಚಳಿದೇಶದ ಪಟ್ಟಿ ಬಗ್ಗೆ ಅರ್ಧ ತಾಸು ಜಗಳಾಡಿದಿ, ಇದೊಂದು ಬಿಟ್ಟು." ಸಿಸ್ಟರ್ ಕಡೆ ತಿರುಗಿ, "ಹನಿ ಬ್ಯಾಡ. ನಾಳೆ ಬೆಳಿಗ್ಗೆ ಮಂಚದ ಸಮೇತ ಕರಕೊಂಡು ಹೋಗ್ರಿ" ಎಂದರು.

ಅವರು ಹೋದ ಮೇಲೆ ಅವ್ವ ಮೋಸಂಬಿಯ ಒಂದೊಂದೇ ತೊಳೆ ಬಿಡಿಸಿ ನನ್ನ ಕೈಗಿಟ್ಟಳು. ಸಿಪ್ಪೆ ಒಟ್ಟುಮಾಡುತ್ತ ಅಂದಳು, "ನೀ ಯಾಕ ಹಾಕಲಿಕ್ಕೆ ಹೋದಿ? ಹರಕಿ ನಂದು. ಹೊತ್ತಾಕಿ ನಾನು, ತೀರಸಾಕಿ ನಾನು. ಸಂಜಿಮುಂದ ಕಾಯಿಪಲ್ಲೆಗೆ ಅಂತ ಹೋಗಿ ದಿನಾ ಹಾಕಿ ಬರ್ಲಿಕತ್ತೇನಿ. ನಿನಗ ಹಾಕು ಅಂತ ನಾ ಎಂದ ಹೇಳಿದ್ದೆ?"

ನೆನಪು ಮಾಡಿಕೊಂಡೆ. ಹೇಳಿರಲಿಲ್ಲ. ಅರ್ಧ ತಾಸು ನಾನು ಖಂಡಿಸಿದ ವಾದವನ್ನು ಅವ್ವ ಮಂಡಿಸಿಯೇ ಇರಲಿಲ್ಲ. ಅವಳ ಮೊಣಕಾಲು ನೋಡಿದೆ. ಸೀರೆಯ ಕೆಳಗೆ ಅವು ಹೇಗಿವೆಯೋ, ಕೇಳಲಿಲ್ಲ.

"ಅವತ್ತ ಯಾಕ ಸುಮ್ಮನಿದ್ದಿ?"

"ನೀ ಮಾತಾಡಲಿಕ್ಕೆ ಹತ್ತಿದ್ದಿಯಲ್ಲ, ಛಲೋ ಅನಸ್ತಿತ್ತು. ಇನ್ನ ಎಷ್ಟು ದಿನ ಕೇಳೂದು ಅದನೋ ಏನೋ ಅಂತ ಕೇಳ್ಕೋತ ಕೂತೆ."

ಎರಡನೆಯ ಸಲ ಸಿಸ್ಟರ್ ಲಿಲ್ಲಿ ನನ್ನನ್ನು ಏನೂ ಕೇಳಲಿಲ್ಲ. ವಾರ್ಡಿನಿಂದ ಅವರೇ ಮಂಚ ತಳ್ಳಿಕೊಂಡು ಬಂದಿದ್ದರು. ಚಿಮಟ, ರಬ್ಬರು. ಈ ಸಲ ಲೇಖನಿಯನ್ನು ನೋಡಲಿಲ್ಲ. ಸೂರಿನಲ್ಲಿ ಒಂದು ಒಡಕಿತ್ತು, ಅದನ್ನೇ ನೋಡಿದೆ. ಅವ್ವನ ಮಾತು ನೆನಪಾಗುತ್ತಿತ್ತು, ಅತ್ತರೆ ಉಸಿರು ಕೆಡುತ್ತದೆ, ಉಸಿರು ಕೆಟ್ಟರೆ ಗೆರೆ ಕೆಡುತ್ತದೆ. ಅಳದೆ ಇರುವುದಕ್ಕೂ ಸ್ನಾಯು ಬೇಕು ಎಂಬುದು ಅಂದು ತಿಳಿಯಿತು. ಲೆಕ್ಕ ಹಾಕಿ ಮುಗಿಸಲು ಅವರಿಗೆ ಮಧ್ಯಾಹ್ನವಾಯಿತು. ಬಾಗಿಲಲ್ಲಿ ಡಾಕ್ಟರು ಕಂಡಾಗ ಹೌಸಾಬಾಯಿ ನನ್ನ ಮಣಿಕಟ್ಟು ಹಿಡಿದಳು.

"ಮೂವತ್ತನಾಕು" ಎಂದರು. "ಖುಷಿ ಪಡಬ್ಯಾಡ. ಮೂವತ್ತನಾಕೂ ರೋಗನ. ಆದರ ಕಾಯಲಿಕ್ಕೆ ವ್ಯಾಳ್ಯಾ ಅದ. ಮಾತ್ರಿ ಕೊಡ್ತೇನಿ. ಗಂಟಲು ನೋವು, ಜ್ವರ ಬಂದ್ರ ಅದೇ ದಿನ ಓಡಿ ಬರಬೇಕು, ಈ ಮಾತ್ರಿ ಕೆಲವರಿಗೆ ರಕ್ತ ಕೆಡಸ್ತದ. ಕತ್ತಿ ಬರೂದೇ ಇಲ್ಲ ಅಂತ ನಾ ಮಾತು ಕೊಡೂದಿಲ್ಲ."

ಮುಂದೇನಾಯಿತು ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಮಾತ್ರೆ ಶುರುವಾಗಿ ಎರಡನೆಯ ತಿಂಗಳು ಅವ್ವ ಚಾದರ ತಂದುಕೊಟ್ಟಳು, ಹೊದ್ದುಕೊಂಡೆ. ಮೂರನೆಯ ತಿಂಗಳು ನೆಲದಿಂದ ಕೈಯೂರದೆ ಎದ್ದೆ. ಎರಡು ಸಲ ಗಂಟಲು ನೋವು ಬಂದು ಎರಡು ಸಲವೂ ಬೆಂಚಿನ ಮೇಲೆ ರಕ್ತದ ವರದಿಗೆ ಕಾದದ್ದು ಆ ಯಂತ್ರಕ್ಕಿಂತ ಕೆಟ್ಟ ಅನುಭವ. ಎರಡೂ ಬರೀ ನೆಗಡಿ. ಒಂದೂವರೆ ವರ್ಷದ ಮೇಲೆ ಮಾತ್ರೆ ಬಿಡಿಸಿದರು, ಐದು ತಿಂಗಳಲ್ಲಿ ಉರಿ ಮರಳಿತು, ಮತ್ತೆ ಮಾತ್ರೆ. ಈಗ ಕಾಯಿದೆ ಓದುತ್ತಿದ್ದೇನೆ, ಮಾತ್ರೆ ನುಂಗುತ್ತಿದ್ದೇನೆ. ಕತ್ತಿ ಇನ್ನೂ ಎಲ್ಲೋ ಇದೆ. ಹರಕೆಯಿಂದ ಗುಣವಾಯಿತು ಎಂದು ಅವ್ವ, ಹರಕೆಯಿಂದಲೇ ಕುತ್ತಿಗೆಗೆ ಬಂದಿತ್ತು ಎಂದು ನಾನು. ಈ ವಿಷಯದಲ್ಲಿ ಎದುರು ಪಕ್ಷ ಈಗ ಮಾತಾಡುತ್ತದೆ.

ಆದರೆ ನಾನು ಮುಗಿಸಬೇಕೆಂದಿರುವುದು ವಾರ್ಡು ಬಿಟ್ಟ ಬೆಳಿಗ್ಗೆಯಲ್ಲಿ. ಅವ್ವ ಗಂಟು ಕಟ್ಟುತ್ತಿದ್ದಳು. ಹೌಸಾಬಾಯಿ ನನ್ನನ್ನು ಬೆರಳಲ್ಲಿ ಕರೆದಳು. ಬಗ್ಗಿದೆ.

"ಇದೆಯಾ?" ಎಂದು ನನ್ನ ಗಂಟಲು ಮುಟ್ಟಿದಳು.

"ಇದೆ."

"ತೋರಿಸು."

ಏನು ಹೇಳಲಿ ಎಂದೆ. ತಾನು ಇಪ್ಪತ್ತು ವರ್ಷ ಗಲ್ಲಿಗಳಲ್ಲಿ ಕೂಗಿದ್ದನ್ನು ಅವಳು ಉಸಿರಿನಲ್ಲೇ ಹೇಳಿಕೊಟ್ಟಳು. ಯಾವ ಮೀನಿನ ಹೆಸರು ಮೊದಲು, ತಗೊಳ್ಳಿ ಎನ್ನುವ ಘ್ಯಾ ಎಲ್ಲಿ, ಎಲ್ಲಿ ಎಳೆಯಬೇಕು, ಎಲ್ಲಿ ಕತ್ತರಿಸಬೇಕು. ನಾನು ಮೆಲ್ಲಗೆ ಒಪ್ಪಿಸಿದೆ. ಅವಳು ತಲೆಯಾಡಿಸಿದಳು. "ಹಾಗೆ ಅಂದ್ರೆ ಬೆಕ್ಕೂ ಬರೋದಿಲ್ಲ."

ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತದ ಅವ್ವ ಗಂಟು ಹಿಡಿದು ನಿಂತಿದ್ದಳು. ನಾನು ಮಂಚದ ಸರಳು ಹಿಡಿದುಕೊಂಡೆ, ಉಸಿರು ತುಂಬಿಕೊಂಡು ಕೂಗಿದೆ. ಘ್ಯಾ ಹೋ ಬೋಂಬಿಲ್, ಪಾಪ್ಲೇಟ್ ಘ್ಯಾ. ಎರಡನೆಯ ಪದದಲ್ಲಿ ದನಿ ಒಡೆಯಿತು, ಆದರೂ ವಾರ್ಡಿನ ಆ ತುದಿಯವರೆಗೆ ಹೋಯಿತು. ಅಲ್ಲಿನ ಮಂಚದಲ್ಲಿ ಯಾರೋ ಎದ್ದು ಕೂತರು. ಸಿಸ್ಟರ್ ಲಿಲ್ಲಿ ಓಡಿ ಬಂದರು. ಹೌಸಾಬಾಯಿ ದಿಂಬಿಗೊರಗಿ ಕಣ್ಣು ಮುಚ್ಚಿಕೊಂಡಿದ್ದಳು, ತುಟಿಗಳು ಮಾತ್ರ ಅದೇ ಕೂಗಿನ ಮುಂದಿನ ಸಾಲನ್ನು ಆಡುತ್ತಿದ್ದವು.

"ಇನ್ನೊಮ್ಮೆ ಅನ್ನು" ಎಂದಳು ಅವ್ವ. "ಆಕಿಗೆ ಪೂರಾ ಆಗಿಲ್ಲ."